ಮೂರು ಗೆರೆಯ ವಿಭೂತಿ

ಕಳೆದ ದೀಪಾವಳಿಗೆ ಶಿಕಾರಿಪುರಕ್ಕೆ ಹೋದಾಗ ಅಮ್ಮನ ಪಾಸ್‌ಬುಕ್ ನೋಡುತ್ತಿದ್ದೆ. ಜುಲೈ ತಿಂಗಳ ಕರೆಂಟ್ ಬಿಲ್ಲಿನ ಹಣ ಒಂದೇ ದಿನ ಎರಡು ಸಲ ಹೋಗಿತ್ತು. ಏನಮ್ಮಾ ಇದು ಅಂತ ಕೇಳಿದೆ. ಅಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತಾ, "ಒತ್ತಿದೆ, ಏನೂ ಆಗ್ಲಿಲ್ಲ. ಇನ್ನೊಂದ್ಸಲ ಒತ್ತಿದೆ. ನೀನು ಬೈತೀಯ ಅಂತ ಹೇಳ್ಲಿಲ್ಲ ಕಣೇ" ಅಂದಳು.

ಹೆಚ್ಚಿಗೆ ಕಟ್ಟಿದ್ದು ಮುಂದಿನ ಬಿಲ್ಲಿನಲ್ಲಿ ವಜಾ ಆಗಿತ್ತು. ಆದರೆ ಅಮ್ಮ ಆಮೇಲೆ ಆ ಆಪ್ ಮುಟ್ಟಿರಲಿಲ್ಲ. ಮಂಡಿನೋವು ಇಟ್ಟುಕೊಂಡು ಕೌಂಟರಿಗೆ ನಡೆದು ಹೋಗಿ ಕಟ್ಟಿ ಬರುತ್ತಿದ್ದಳು. ಅವಳು ಹೆದರಿದ್ದು ದುಡ್ಡಿಗಲ್ಲ, ನನಗೆ.

ಪುಣೆಯಲ್ಲಿ ನಾನು ಯುಐ-ಯುಎಕ್ಸ್ ಕಲಿಯಲು ಶನಿವಾರದ ಕ್ಲಾಸಿಗೆ ಸೇರಿ ಆಗ ಎರಡು ತಿಂಗಳಾಗಿತ್ತು. ಯುಐ ಅಂದರೆ ಪರದೆಯ ಮೇಲೆ ಕಾಣುವ ಬಟನ್, ಬಣ್ಣ, ಅಕ್ಷರ. ಯುಎಕ್ಸ್ ಅಂದರೆ ಅದನ್ನು ಬಳಸುವವರಿಗೆ ಆಗುವ ಒಟ್ಟು ಅನುಭವ ಎಂದು ನೋಟ್ಸಿನಲ್ಲಿ ಬರೆದುಕೊಂಡಿದ್ದೆ. ಯಾಕೋಬ್ ನೀಲ್ಸನ್ 1994ರಲ್ಲಿ ಕೊಟ್ಟ 10 ಸೂತ್ರಗಳು ಬಾಯಿಪಾಠವಾಗಿದ್ದವು. ಮೊದಲನೆಯದೇ, ಒಳಗೆ ಏನು ನಡೆಯುತ್ತಿದೆ ಎಂಬುದು ಬಳಸುವವರಿಗೆ ಕಾಣುತ್ತಿರಬೇಕು ಅನ್ನುವುದು. ಒತ್ತಿದ 0.1 ಸೆಕೆಂಡಿನಲ್ಲಿ ಉತ್ತರ ಬಂದರೆ ತಕ್ಷಣ ಆಯಿತು ಅನ್ನಿಸುತ್ತದೆ. 1 ಸೆಕೆಂಡ್ ದಾಟಿದರೆ ಯೋಚನೆಯ ಓಟ ಕಡಿಯುತ್ತದೆ. 10 ಸೆಕೆಂಡ್ ದಾಟಿದರೆ ಗಮನವೇ ಬೇರೆಡೆ ಹೋಗುತ್ತದೆ. ನಮ್ಮೂರಿನ ನೆಟ್‌ವರ್ಕಿನಲ್ಲಿ 10 ಸೆಕೆಂಡ್ ಯಾವ ಲೆಕ್ಕ? ಮೊದಲ ಸಲ ಒತ್ತಿದಾಗಲೇ ಬಟನ್ ಮಸುಕಾಗಿ, "ಹಣ ಹೋಗುತ್ತಿದೆ, ತಾಳಿ" ಅಂತ ಒಂದು ಸಾಲು ಬಂದಿದ್ದರೆ ಅಮ್ಮ ತಾಳುತ್ತಿದ್ದಳು.

ಡಾನ್ ನಾರ್ಮನ್ 1988ರಲ್ಲೇ ಇದನ್ನು ಪುಸ್ತಕ ಮಾಡಿದ್ದರು. ಬಾಗಿಲನ್ನು ದೂಡಬೇಕೋ ಎಳೆಯಬೇಕೋ ತಿಳಿಯದೆ ಜನ ತಡವರಿಸಿದರೆ ತಪ್ಪು ಬಾಗಿಲಿನದು. ಆದರೂ ಜನ ತಮ್ಮನ್ನೇ ದಡ್ಡರೆಂದು ಬೈದುಕೊಳ್ಳುತ್ತಾರೆ ಅನ್ನುತ್ತಾರೆ ಅವರು. ನಮ್ಮ ಮನೆಯಲ್ಲಿ ಅಮ್ಮ ತನ್ನನ್ನು ತಾನೇ ಬೈದುಕೊಳ್ಳುವ ಅಗತ್ಯವಿರಲಿಲ್ಲ. ಆ ಕೆಲಸವನ್ನು ನಾನೇ ಫೋನಿನಲ್ಲಿ ಮಾಡುತ್ತಿದ್ದೆ. "ಎಷ್ಟು ಸಲ ಹೇಳಿಕೊಡ್ಬೇಕು ನಿಂಗೆ?"

ಬಿಲ್ ಕಟ್ಟುವ ಆಪಿನ ಪರದೆಗಳನ್ನು ಕಾಗದದ ಮೇಲೆ ಬರೆದು, ಯಾರ ಕೈಯಲ್ಲಾದರೂ ಬಳಸಿಸಿ ನೋಡುವುದು ನಮಗೆ ರಜೆಯ ಹೋಮ್‌ವರ್ಕ್. ನಿಯಮ ಒಂದೇ: ನಾವು ಹೇಳಿಕೊಡಬಾರದು, ಸುಮ್ಮನೆ ನೋಡಬೇಕು. ಊಟವಾದ ಮೇಲೆ ಅಮ್ಮನ ಮುಂದೆ ಕಾಗದಗಳನ್ನು ಹರಡಿದೆ. ಮನಸ್ಸಿಗೆ ಬಂದದ್ದನ್ನೆಲ್ಲ ಜೋರಾಗಿ ಹೇಳ್ತಾ ಹೋಗು ಅಂದೆ.

ಮೂಲೆಯಲ್ಲಿದ್ದ ಮೂರು ಅಡ್ಡಗೆರೆಯ ಮೇಲೆ ಬೆರಳಿಟ್ಟು, "ಇದೇನು, ವಿಭೂತಿನಾ?" ಅಂದಳು. 1981ರಲ್ಲಿ ಝೆರಾಕ್ಸ್ ಸ್ಟಾರ್ ಕಂಪ್ಯೂಟರಿಗಾಗಿ ನಾರ್ಮ್ ಕಾಕ್ಸ್ ಬರೆದ ಮೆನುವಿನ ಗುರುತು ಅದು. ಅದರ ಹಿಂದೆ ಹಳೆಯ ಬಿಲ್ಲುಗಳನ್ನೆಲ್ಲ ಅಡಗಿಸಿ, ಪರದೆ ಚೊಕ್ಕಟವಾಯಿತು ಎಂದು ನಾನು ಬೀಗಿದ್ದೆ. ಅಮ್ಮ ಅದನ್ನು ಒತ್ತಲೇ ಇಲ್ಲ. ಕೆಳಗಿದ್ದ "ಸಲ್ಲಿಸು" ಓದಿ, "ಅರ್ಜಿ ಕೊಡ್ಬೇಕಾ?" ಅಂತ ಕೇಳಿದಳು. ಉತ್ತರ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಅಷ್ಟು ಹೊತ್ತು ಅವಳ ಪಕ್ಕದಲ್ಲಿ ಬಾಯಿ ಮುಚ್ಚಿ ಕೂತಿದ್ದು ಅದೇ ಮೊದಲು. ಬೆರಳು ನಡುಗುತ್ತಿದ್ದುದೂ, ಪ್ರತಿ ಸಲ ಒತ್ತುವ ಮುಂಚೆ ನನ್ನ ಮುಖ ನೋಡುತ್ತಿದ್ದುದೂ ಆಗ ಕಣ್ಣಿಗೆ ಬಿತ್ತು.

ಮುಗಿದ ಮೇಲೆ "ಸಲ್ಲಿಸು" ಹೊಡೆದುಹಾಕಿ "ಬಿಲ್ ಕಟ್ಟಿ" ಎಂದು ಬರೆದೆ. ಹಳೆಯ ಬಿಲ್ಲುಗಳನ್ನು ಮೊದಲ ಪುಟಕ್ಕೇ ತಂದೆ. "ಜುಲೈದು ನಿನ್ನ ತಪ್ಪಲ್ಲಮ್ಮಾ, ಆಪ್ ಮಾಡಿದವರದ್ದು" ಅಂದೆ.

"ಹೌದಾ? ಮತ್ತೆ ಇಷ್ಟು ದಿನ ಬೈದಿದ್ದು?" ಅಂದಳು.

ಅದಕ್ಕೆ ನನ್ನ ನೋಟ್ಸಿನಲ್ಲಿ ಉತ್ತರ ಇರಲಿಲ್ಲ.

ಅಮ್ಮ ಈಗಲೂ ಕರೆಂಟ್ ಬಿಲ್ ಕೌಂಟರಿನಲ್ಲೇ ಕಟ್ಟುತ್ತಾಳೆ. ಆದರೆ ಮೊನ್ನೆ ಬಸ್ ಟಿಕೆಟ್ ಬುಕ್ ಮಾಡಲು ಹೋಗಿ ಅರ್ಧಕ್ಕೆ ನಿಂತಾಗ ಅವಳಾಗಿಯೇ ಫೋನ್ ಮಾಡಿದಳು. ಅಷ್ಟೂ ಗೊತ್ತಾಗಲ್ವಾ ಅನ್ನಲಿಲ್ಲ ನಾನು. "ಈಗ ಏನು ಕಾಣ್ತಿದೆ, ಹೇಳಮ್ಮಾ" ಅಂದೆ. ಅವಳು ಒಂದೊಂದೇ ಓದಿ ಹೇಳುತ್ತಾ ಹೋದಳು.