ಬಿಸಿಲಿನ ತಲೆಗೆ ಕಟ್ಟಿದ ತಪ್ಪು

ಕಲಬುರಗಿ ಸೀಮೆಯಲ್ಲಿ ಯಾವ ಯಂತ್ರ ಕೆಟ್ಟರೂ ತಪ್ಪನ್ನು ಮೊದಲು ಬಿಸಿಲಿನ ತಲೆಗೆ ಕಟ್ಟುತ್ತಾರೆ. ಆಳಂದ ತಾಲೂಕಿನ ನಿಂಬರ್ಗಾದಂಥ ಊರಲ್ಲಿ ಹೊಸದಾಗಿ ಜೋಡಿಸಿದ ಕಂಪ್ಯೂಟರ್ ಬಿಸಿಯೇರಿ ತಾನಾಗಿ ಆಫ್ ಆಯಿತೆನ್ನಿ. ‘ಈ ಬ್ಯಾಸಗಿಗಿ ಮನಷ್ಯಾರೇ ತಡಿಯಂಗಿಲ್ಲ, ಕಂಪ್ಯೂಟರ್ ಏನ್ ತಡೀತದ?’ ಎಂಬ ತೀರ್ಪು ಸಿದ್ಧವಾಗಿಯೇ ಇರುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ಕಾಣುವ ನಾಡಿನಲ್ಲಿ ಇದನ್ನು ಯಾರಾದರೂ ನಂಬಬಹುದು. ಲೆಕ್ಕ ಮಾತ್ರ ನಂಬಲು ಬಿಡುವುದಿಲ್ಲ. ಗಾಳಿಯಿಂದ ತಣಿಯುವ ಪ್ರೊಸೆಸರ್ ಕೋಣೆಗಿಂತ ಇಂತಿಷ್ಟು ಡಿಗ್ರಿ ಮೇಲಿರುತ್ತದೆ; ಕೋಣೆ ಏರಿದಷ್ಟು ಅದೂ ಹೆಚ್ಚುಕಡಿಮೆ ಏರುತ್ತದೆ. ಜನವರಿಯಲ್ಲಿ 25 ಡಿಗ್ರಿಯ ಕೋಣೆಯಲ್ಲಿ ಪೂರ್ತಿ ಕೆಲಸಕ್ಕೆ 68 ತೋರಿಸಿದ ಚಿಪ್ಪು ಮೇ ತಿಂಗಳ 42ಕ್ಕೆ 85ರ ಆಸುಪಾಸು ಬರಬೇಕು. ಇಂಟೆಲ್‌ನ ಈಗಿನ ಬಹುತೇಕ ಪ್ರೊಸೆಸರುಗಳು ವೇಗ ಇಳಿಸಿಕೊಳ್ಳುವುದು 100ರ ಹತ್ತಿರ. ಯಾವ ಕೆಲಸವನ್ನೂ ಕೊಡದೆ ಆನ್ ಮಾಡಿದೊಡನೆ ತೆರೆಯಬಹುದಾದ ಬಯಾಸ್ ಪರದೆಯಲ್ಲೇ ಅಂಕಿ 60, 75, 90 ಎಂದು ಓಡಿದರೆ, ಅಷ್ಟನ್ನೂ ಸೂರ್ಯನ ಖಾತೆಗೆ ಬರೆಯಲಾಗದು. ಜರ್ಮನಿಯ ಗಾರ್ಶಿಂಗ್‌ನಲ್ಲಿ 2012ರಲ್ಲಿ ಶುರುವಾದ ಸೂಪರ್‌ಮುಕ್ ಎಂಬ ಸೂಪರ್ ಕಂಪ್ಯೂಟರನ್ನು ತಣಿಸುತ್ತಿದ್ದುದು 40 ಡಿಗ್ರಿ ಆಸುಪಾಸಿನ ಬಿಸಿನೀರು! ಹೆಚ್ಚುಕಡಿಮೆ ನಮ್ಮ ಬೇಸಿಗೆಯ ಗಾಳಿಯಷ್ಟೇ ಬಿಸಿ. ನೀರಿಗೂ ಗಾಳಿಗೂ ಬಲದಲ್ಲಿ ಅಂತರವಿದೆ, ನಿಜ. ಆದರೆ ತಣಿಸುವ ವಸ್ತು ತಾನೇ ತಣ್ಣಗಿರಲೇಬೇಕೆಂಬ ನಂಬಿಕೆ ಅಲ್ಲಿಗೆ ಮುಗಿಯಿತು.

ಹಾಗಾದರೆ ತಪ್ಪು ಎಲ್ಲಿ? ಹೊಸ ಯಂತ್ರದಲ್ಲಿ ಬಹುಮಟ್ಟಿಗೆ ಚಿಪ್ಪಿಗೂ ಅದರ ಮೇಲಿನ ಲೋಹದ ಹೀಟ್‌ಸಿಂಕಿಗೂ ನಡುವಿನ ಕೂದಲೆಳೆ ಜಾಗದಲ್ಲಿ. ಜೋಳದ ರೊಟ್ಟಿ ಹಂಚಿಗೆ ತಾಗದ ಕಡೆ ಹಸಿಯಾಗಿ ಉಳಿಯುವ ಹಾಗೆ, ಲೋಹ ಕೂಡದ ಕಡೆ ಶಾಖ ದಾಟುವುದಿಲ್ಲ. ಅಲ್ಯೂಮಿನಿಯಂ ಗಾಳಿಗಿಂತ ಸಾವಿರಾರು ಪಟ್ಟು ಚೆನ್ನಾಗಿ ಶಾಖ ಒಯ್ಯುತ್ತದೆ. ನಡುವೆ ಸಿಕ್ಕಿಕೊಂಡ ತೆಳುಗಾಳಿಯನ್ನು ಓಡಿಸಲೆಂದೇ ತೊಗರಿಕಾಳಿನಷ್ಟು ಥರ್ಮಲ್ ಪೇಸ್ಟ್ ಹಾಕುವುದು. 1971ರ ಇಂಟೆಲ್ 4004 ಚಿಪ್ಪಿಗೆ ತಣಿಸುವ ಈ ಉಸಾಬರಿಯೇ ಇರಲಿಲ್ಲ. 1993ರ ಪೆಂಟಿಯಂ ಹೊತ್ತಿಗೆ ತಲೆಯ ಮೇಲೆ ಫ್ಯಾನ್ ಬೇಕಾಯಿತು. 2004ರ ಪೆಂಟಿಯಂ 4ರ ಕೆಲವು ಮಾದರಿಗಳು 100 ವ್ಯಾಟ್ ದಾಟಿದವು. ಅದೇ ವರ್ಷ ಎಲ್‌ಜಿಎ 775 ಎಂಬ, ಚಿಪ್ಪು ಕೂರುವ ಸಾಕೆಟ್ಟಿನ ಜೊತೆ ನಾಲ್ಕು ಪ್ಲಾಸ್ಟಿಕ್ ಕಾಲಿನ ಕೂಲರ್, ಅಂದರೆ ಹೀಟ್‌ಸಿಂಕ್ ಮತ್ತು ಫ್ಯಾನಿನ ಜೋಡಿ, ಬಂತು. ಸ್ಕ್ರೂಡ್ರೈವರ್ ಬೇಡ, ಒತ್ತಿದರೆ ಸಾಕು ಎಂಬ ಈ ಸೌಕರ್ಯ ಎಷ್ಟು ಕಂಪ್ಯೂಟರುಗಳ ಜೀವ ತಿಂದಿದೆಯೋ! ನಾಲ್ಕರಲ್ಲಿ ಒಂದು ಕಾಲು ಟಕ್ ಎಂದು ಕೂರದಿದ್ದರೂ ಕೂಲರ್ ಓರೆಯಾಗುತ್ತದೆ. ಮೇಲಿನಿಂದ ನೋಡಿದರೆ ಎಲ್ಲ ಸರಿ. ಮದರ್‌ಬೋರ್ಡಿನ ಬೆನ್ನಿಗೆ ಕಾಲಿನ ತುದಿ ಪೂರ್ತಿ ಇಣುಕಿದೆಯೇ ಎಂದು ನೋಡಿದರಷ್ಟೇ ಗುಟ್ಟು ತಿಳಿಯುತ್ತದೆ. ಬೇರೆಯಾಗಿ ಕೊಂಡ ಕೂಲರಿನ ತಳದ ಪ್ಲಾಸ್ಟಿಕ್ ಹಾಳೆಯನ್ನು ಕೀಳದೆ ಕೂರಿಸುವವರೂ ಇದ್ದಾರೆ.

‘ಚಳಿಗಾಲದಾಗ ಛಲೋ ನಡೀತಿತ್ತಲ್ಲ?’ ಎಂದು ಕೇಳಬಹುದು. ನಡೆದಿರಬಹುದು. ಅರೆಬರೆ ಕೂತ ಕೂಲರ್ ಜನವರಿಯಲ್ಲಿ 80ಕ್ಕೆ ನಿಂತು ಮರ್ಯಾದೆ ಉಳಿಸಿಕೊಳ್ಳುತ್ತದೆ, ಮೇನಲ್ಲಿ ಸಿಕ್ಕಿಬೀಳುತ್ತದೆ. ಬಿಸಿಲು ಇಲ್ಲಿ ಕಳ್ಳನಲ್ಲ, ಸಾಕ್ಷಿ. ತೊಗರಿ ರಾಶಿಯ ಧೂಳು ಒಳಗೆ ಕೂತಿದೆ ಎಂಬ ಮಾತು ಹಳೆಯ ಯಂತ್ರಕ್ಕೆ ಸರಿ, ನಿನ್ನೆ ಡಬ್ಬಿಯಿಂದ ತೆಗೆದದ್ದಕ್ಕೆ ಸಲ್ಲದು. ಇನ್ನೊಂದು ಆಕ್ಷೇಪ ಗಟ್ಟಿಯಾದದ್ದು: 2022ರಲ್ಲಿ ಬಂದ ಎಎಂಡಿ ರೈಜೆನ್ 7000 ಸರಣಿಯ ದೊಡ್ಡ ಚಿಪ್ಪುಗಳು ಪೂರ್ತಿ ಕೆಲಸದಲ್ಲಿ 95 ಡಿಗ್ರಿ ಮುಟ್ಟುವುದು ಸಹಜವೆಂದು ಕಂಪನಿಯೇ ಹೇಳಿದೆ. ಒಪ್ಪೋಣ, ಆದ್ದರಿಂದಲೇ ಬರಿಯ ಅಂಕಿ ನೋಡಿ ಗಾಬರಿಯಾಗಬಾರದು. ಪರದೆ 95 ತೋರಿಸುವಾಗ ಹೀಟ್‌ಸಿಂಕಿನ ಅಂಚಿಗೆ, ತಿರುಗುವ ರೆಕ್ಕೆ ತಪ್ಪಿಸಿ, ಬೆರಳು ತಾಗಿಸಿ. ಅದು ತಣ್ಣಗಿದ್ದರೆ ಶಾಖ ಅಲ್ಲಿಗೆ ತಲುಪಿಯೇ ಇಲ್ಲ, ದೋಷ ಕೂಡಿಕೆಯದು. ಅದೂ ಸುಡುತ್ತಿದ್ದರೆ ಫ್ಯಾನ್ ತಿರುಗುತ್ತಿದೆಯೇ, ಅದರ ತಂತಿ ‘ಸಿಪಿಯು ಫ್ಯಾನ್’ ಎಂದು ಬರೆದ ಪಿನ್ನಿಗೇ ಹೋಗಿದೆಯೇ, ಡಬ್ಬಿಯ ಬಿಸಿಗಾಳಿಗೆ ಹೊರದಾರಿ ಇದೆಯೇ ನೋಡಿ.

ಏರ್ ಕೂಲರ್ ಮುಂದೆ ಕಂಪ್ಯೂಟರ್ ಇಡುವ ಉಪಾಯ ಮಾತ್ರ ಬೇಡ; ಆ ತೇವದ ಗಾಳಿ ಬೋರ್ಡಿಗೆ ಒಳ್ಳೆಯದಲ್ಲ. ದೊಡ್ಡ ಫ್ಯಾನಿಗೆ ದುಡ್ಡು ಸುರಿಯುವ ಮೊದಲು ಜೋಡಿಸಿಕೊಟ್ಟವರ ಬಳಿ ಒಯ್ದು ನಿಮ್ಮೆದುರಿಗೇ ಕೂಲರ್ ಎತ್ತಿಸಿ, ಪೇಸ್ಟ್ ಎಲ್ಲೆಲ್ಲಿ ಹರಡಿದೆ ನೋಡಿ. ಹಳೆಯದನ್ನು ಒರೆಸಿ ಹೊಸ ಪೇಸ್ಟ್ ಹಾಕದೆ ಮತ್ತೆ ಕೂರಿಸಲು ಬಿಡಬೇಡಿ.