ಎಷ್ಟು ದೂರ, ಎಷ್ಟು ಹೊತ್ತು

ದೂರವನ್ನು ಹೊತ್ತಿನಿಂದ ಅಳೆಯುವುದು ನಮ್ಮ ಹಿರಿಯರ ವಾಡಿಕೆ. ಪರವೂರು ಎಷ್ಟು ದೂರವೆಂದು ಕೇಳಿದರೆ “ಒಂದು ಹೊತ್ತಿನ ದಾರಿ” ಎಂದೋ, “ಬುತ್ತಿ ಕಟ್ಟಿಕೊಂಡು ಹೋಗಬೇಕು” ಎಂದೋ ಉತ್ತರ ಬರುತ್ತಿತ್ತು. ಈ ಅಳತೆಯನ್ನು ಕೇಳಿ ನಕ್ಕವರೂ ಇಂದು ವಿಮಾನದ ಟಿಕೆಟು ಕೊಳ್ಳುವಾಗ ಮೈಲಿ ಕೇಳುವುದಿಲ್ಲ, ಗಂಟೆ ಕೇಳುತ್ತಾರೆ.

ಕುಷ್ಟಗಿ ತಾಲೂಕಿನ ತಾವರಗೇರಾದಲ್ಲಿ ಒಬ್ಬ ವೃದ್ಧೆ. ಕಿರಿಯ ಮಗ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಜಿನಿಯರು. ಶಾಲೆ ಓದುವ ಮೊಮ್ಮಗ ಗೋಡೆಯ ನಕಾಶೆಯಲ್ಲಿ ಆ ಊರನ್ನು ತೋರಿಸಿದಾಗ ಆಕೆಯ ಪ್ರಶ್ನೆ ಒಂದೇ: “ನಾಳೆ ನನಗ ಏನರ ಆದ್ರ, ನಿಮ್ಮ ಕಾಕಾ ಮಣ್ಣಿಗೆ ಬಂದು ಮುಟ್ಟತಾನೇನು?”

ಹುಡುಗ ಲೆಕ್ಕಕ್ಕೆ ಕುಳಿತ. ನಕಾಶೆ ನೋಡಿದರೆ ವಿಮಾನ ನೇರವಾಗಿ ಪೆಸಿಫಿಕ್ ಸಾಗರವನ್ನು ದಾಟಬೇಕೆಂದು ತೋರುತ್ತದೆ. ಆದರೆ ಭೂಮಿ ಹಾಸಿದ ಚಾಪೆಯಲ್ಲ. ಭೂಗೋಲದ ಮೇಲೆ ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ನೂಲನ್ನು ಬಿಗಿಯಾಗಿ ಎಳೆದರೆ ಅದು ಜಾರಿ ಜಾರಿ ಉತ್ತರ ಧ್ರುವದ ಬಳಿಗೇ ಹೋಗಿ ನಿಲ್ಲುತ್ತದೆ. ಅದೇ ಅತ್ಯಂತ ಹತ್ತಿರದ ದಾರಿ. ಉದ್ದ ಸುಮಾರು 14,000 ಕಿಲೋಮೀಟರು.

2021ರ ಜನವರಿ 9ರ ರಾತ್ರಿ ಏರ್ ಇಂಡಿಯಾದ ವಿಮಾನವೊಂದು ಆ ಊರಿನಿಂದ ಹೊರಟು, ಧ್ರುವ ಪ್ರದೇಶದ ಮೇಲೆ ಹಾದು, ನಡುವೆ ಎಲ್ಲಿಯೂ ಇಳಿಯದೆ ಬೆಂಗಳೂರನ್ನು ಸೇರಿತು. ನಡೆಸಿದವರು ಕ್ಯಾಪ್ಟನ್ ಜೋಯಾ ಅಗರ್ವಾಲ್ ಮತ್ತು ಸಂಗಡಿಗರು, ಚಾಲಕರೆಲ್ಲರೂ ಸ್ತ್ರೀಯರೇ. ಹಿಡಿದ ಹೊತ್ತು ಸುಮಾರು ಹದಿನೇಳು ಗಂಟೆ. ಆದರೂ ಇಳಿದದ್ದು 11ರ ಬೆಳಗಿನ ಜಾವ! ಚಳಿಗಾಲದಲ್ಲಿ ನಮ್ಮ ಗಡಿಯಾರ ಅವರದಕ್ಕಿಂತ ಹದಿಮೂರೂವರೆ ಗಂಟೆ ಮುಂದಿರುವುದರಿಂದ ಪ್ರಯಾಣಿಕರ ಪಾಲಿನ ಒಂದು ಹಗಲು ಪಂಚಾಂಗದಿಂದಲೇ ಜಾರಿಹೋಯಿತು. ಹಿಂದಿರುಗುವವರಿಗೆ ಅದು ಮರಳಿ ದೊರೆಯುತ್ತದೆ: ಆ ನೇರ ವಿಮಾನದಲ್ಲಿ ಮಧ್ಯಾಹ್ನ ಬೆಂಗಳೂರು ಬಿಟ್ಟರೆ ಅದೇ ತಾರೀಖಿನ ಸಂಜೆ ಅಲ್ಲಿರಬಹುದಿತ್ತು. ನಡುವೆ ವಿಮಾನ ಬದಲಿಸುವವರಿಗಾದರೋ ಇನ್ನೂ ಎಷ್ಟೋ ಗಂಟೆ ಹೆಚ್ಚು.

ಇಷ್ಟಕ್ಕೆ ಲೆಕ್ಕ ಮುಗಿಯಲಿಲ್ಲ. ಬೆಂಗಳೂರಿನ ವಿಮಾನ ನಿಲ್ದಾಣದಿಂದ ತಾವರಗೇರಾಕ್ಕೆ ಹಕ್ಕಿ ಹಾರುವ ದಾರಿ ಸುಮಾರು 320 ಕಿಲೋಮೀಟರು. ಗಂಟೆಗೆ 900 ಕಿಲೋಮೀಟರು ಓಡುವ ವಿಮಾನಕ್ಕೆ ಅದು ಸುಮಾರು ಇಪ್ಪತ್ತೊಂದು ನಿಮಿಷದ ಕೆಲಸ. ರಸ್ತೆ ಹಿಡಿದ ಮಗನಿಗೆ ಮಾತ್ರ ಏಳೆಂಟು ಗಂಟೆ. ಹಿಮದ ಧ್ರುವವನ್ನು ದಾಟಿ ಬಂದವನಿಗೆ ಮನೆಯ ಹೊಸ್ತಿಲೇ ದೂರವಾಗುತ್ತದೆ. ಅದಕ್ಕೆ ಮೊದಲು ಸುದ್ದಿ ಮುಟ್ಟಬೇಕು, ರಜೆ ದೊರೆಯಬೇಕು, ಟಿಕೆಟು ಸಿಗಬೇಕು.

ಎಲ್ಲವನ್ನೂ ಕೂಡಿಸಿದ ಹುಡುಗ ತಗ್ಗಿದ ದನಿಯಲ್ಲಿ ಹೇಳಿದ: “ಎರಡು ದಿನ ಆಕ್ಕೈತಮ್ಮ. ಅಷ್ಟೊತ್ತು ಕಾಯ್ತಾರೇನು?”

ಮುದುಕಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ, “ಹಂಗಾರ ನಿಮ್ಮ ಕಾಕಾಗ ಫೋನ್ ಹಚ್ಚು. ಮಣ್ಣಿಗೆ ಓಡಿ ಬರಬ್ಯಾಡ, ಈ ಸುಗ್ಗಿಗೆ ರೊಟ್ಟಿ ತಿನ್ನಾಕ ಬಾ ಅಂತ ಹೇಳು” ಎಂದಳು.

ವಿಮಾನದ ವೇಳಾಪಟ್ಟಿಯನ್ನು ಇದಕ್ಕಿಂತ ಚೆನ್ನಾಗಿ ಓದಿದವರು ಬಹುಶಃ ವಿರಳ.