ಕುಂಕುಮದ ಕೆಳಗಿನ ಮುಳ್ಳು

ಶಹಾಬಾದಿನ ಕಲ್ಲಿಗೆ ಬೆಂಕಿ ಹತ್ತುವುದುಂಟೇ? ವಾಡಿಯ ರಾಯರ ಪಾಲಿಗೆ ಇದು ಪ್ರಶ್ನೆಯೇ ಅಲ್ಲ. ಅವರ ಮನೆಯ ನೆಲ ಕಲ್ಲು, ಗೋಡೆ ಕಲ್ಲು, ತಲೆಯ ಮೇಲಿನ ಹಾಸೂ ಕಲ್ಲು. ಚಿತ್ತಾಪುರ, ಸೇಡಂಗಳ ಸುಣ್ಣಕಲ್ಲಿನ ಸೀಮೆಯಲ್ಲಿ ಹಳೆಯ ಮನೆಯೆಂದರೆ ಹಾಗೆಯೇ. "ಕಲ್ಲಿನ ಮನಿಗಿ ಬೆಂಕಿ ಏನ್ ಮಾಡ್ತದ?" ಎಂಬುದು ರೈಲ್ವೆಯಿಂದ ನಿವೃತ್ತರಾದ ಆ ಹಿರಿಯರ ಸಿದ್ಧಾಂತ.

ಎಂಟು ವರ್ಷಗಳ ಹಿಂದೆ ಅಡಿಗೆಮನೆಗೆ ಗ್ಯಾಸು ಬಂದಾಗ, ಮಗ ಬೆಂಕಿ ಆರಿಸುವ ಕೆಂಪು ಸಿಲಿಂಡರೊಂದನ್ನು ತಂದು ಗೋಡೆಗೆ ತೂಗುಹಾಕಿದ್ದ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅದಕ್ಕೂ ಕುಂಕುಮ, ಚೆಂಡುಹೂವು. ಉಳಿದ ದಿನಗಳಲ್ಲಿ ಅದು ಸಂತೆಯ ಚೀಲದ ಗೂಟ.

ಕಳೆದ ಬೇಸಿಗೆಯ ಒಂದು ಸಂಜೆ ಮಿರ್ಚಿ ಭಜಿಗೆಂದು ಇಟ್ಟಿದ್ದ ಎಣ್ಣೆ ಕಾದು ಕಾದು ಹೊತ್ತಿಕೊಂಡಿತು. ಪಕ್ಕದ ಕೋಣೆಯ ತೊಟ್ಟಿಲಲ್ಲಿ ಮೊಮ್ಮಗು ಮಲಗಿತ್ತು. ರಾಯರು ಕೊಡದತ್ತ ಧಾವಿಸಿದರು.

"ನೀರು ಬ್ಯಾಡ್ರಿ ಮಾವಾ!" ಎಂದು ಚಿಂಚೋಳಿಯ ಸೊಸೆ ಕೂಗಿದಳು. ಕಾದೆಣ್ಣೆಯ ತಳಕ್ಕಿಳಿದ ನೀರು ಕ್ಷಣಾರ್ಧದಲ್ಲಿ ಉಗಿಯಾಗಿ, ಉರಿಯುವ ಎಣ್ಣೆಯನ್ನೇ ಸುತ್ತಲೂ ಚಿಮ್ಮಿಸುತ್ತದೆ. ರಾಯರು ಚೀಲವನ್ನು ಕಿತ್ತೆಸೆದು, ಕೆಂಪು ಸಿಲಿಂಡರನ್ನಿಳಿಸಿ, ಪಿನ್ನು ಎಳೆದು ಒತ್ತಿದರು. ಮುದುಕನ ಸೀನಿನಂಥ ಒಂದು ಸದ್ದು ಬಂತು, ಮತ್ತೇನೂ ಬರಲಿಲ್ಲ. ಅಷ್ಟರಲ್ಲಿ ಸೊಸೆ ಒಲೆಯನ್ನಾರಿಸಿ, ಬಾಣಲೆಯ ಮೇಲೆ ಅಗಲವಾದ ತಟ್ಟೆಯನ್ನು ಮುಚ್ಚಿದ್ದಳು. ಗಾಳಿಯಿಲ್ಲದೆ ಬೆಂಕಿ ಸತ್ತಿತು. ಮಗು ಏಳಲೂ ಇಲ್ಲ.

ಆ ರಾತ್ರಿ ರಾಯರು ಸಿಲಿಂಡರಿನ ಕುಂಕುಮವನ್ನು ಒರೆಸಿದರು. ಕೆಳಗೆ ಗಡಿಯಾರದಂಥ ಪುಟ್ಟ ಬಿಲ್ಲೆಯಿತ್ತು. ಅದರ ಮುಳ್ಳು ಸದಾ ಹಸಿರು ಪಟ್ಟಿಯಲ್ಲಿರಬೇಕು. ತಿಂಗಳಿಗೊಮ್ಮೆ ನೋಡಿದ್ದರೆ ಒಳಗಿನ ಒತ್ತಡ ಸೋರುತ್ತಿರುವುದು ಎಂದೋ ತಿಳಿಯುತ್ತಿತ್ತು. ತಪಾಸಣೆಯ ದಿನಾಂಕ ಬರೆಯುವ ಚೀಟಿ ಎಂಟು ವರ್ಷವೂ ಖಾಲಿ. ಬಳಸದ ವಸ್ತು ಹೊಸದಾಗಿಯೇ ಉಳಿಯುವುದೆಂಬ ನಂಬಿಕೆ ಮನೆಮನೆಯಲ್ಲೂ ಉಂಟು. ಕಾವಲಿಗಿಟ್ಟ ವಸ್ತುವಾದರೋ ಸುಮ್ಮನಿದ್ದೇ ಸವೆಯುತ್ತದೆ. ಗ್ಯಾಸಿನ ರಬ್ಬರು ಪೈಪನ್ನು ಬಗ್ಗಿಸಿ ನೋಡಿದರು, ಕೂದಲೆಳೆಯಂಥ ಬಿರುಕುಗಳು. 5 ವರ್ಷಕ್ಕೆ ಬದಲಿಸಬೇಕಾದುದು 8 ವರ್ಷ ದುಡಿದಿತ್ತು. ಕಲ್ಲಿಗೆ ಮುಪ್ಪಿಲ್ಲದಿರಬಹುದು, ರಬ್ಬರಿಗುಂಟು.

ಮರುದಿನವೇ ಐ.ಎಸ್.ಐ. ಗುರುತಿನ ಹೊಸ ಪೈಪು ಬಂತು. ಜೋಡಣೆಗೆ ಸೋಪಿನ ನೀರು ಸವರಿ, ಗುಳ್ಳೆ ಏಳುವುದಿಲ್ಲವೆಂದು ನೋಡಿಕೊಂಡರು. ಹೊಸ ಕೆಂಪು ಸಿಲಿಂಡರಿಗೆ ಒಲೆಯಿಂದ ದೂರ, ಬಾಗಿಲ ಬಳಿ ಜಾಗವಾಯಿತು. ಗ್ಯಾಸು ಸೋರಿದರೆ ಕರೆಯಬೇಕಾದ 1906 ಎಂಬ ಸಂಖ್ಯೆ ಕ್ಯಾಲೆಂಡರಿನ ಅಂಚನ್ನು ಸೇರಿತು. ಪ್ರತಿ ತಿಂಗಳ ಮೊದಲ ದಿನ ರಾಯರು ಮುಳ್ಳನ್ನು ನೋಡಿ ಅಲ್ಲಿಯೇ ಒಂದು ಗೆರೆ ಎಳೆಯುತ್ತಾರೆ.

ಆ ವರ್ಷದ ಆಯುಧಪೂಜೆಯಲ್ಲಿಯೂ ಕುಂಕುಮ ತಪ್ಪಲಿಲ್ಲ. ಆದರೆ ಬಿಲ್ಲೆಯನ್ನು ಬಿಟ್ಟು, ಒಂದು ಅಂಗುಲ ಕೆಳಗೆ.